ಕಿಟಕಿಗೆ ಯಾವ ಗಾಜು?



ಇವತ್ತು ಕಿಟಕಿಯ ಮಾತು ಆಡೋಣ. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಹಿಂದೆ ಮಣ್ಣಿನ ಮಾಳಿಗೆ ಮನೆ ಬಹಳ. ದಪ್ಪ ಗೋಡೆ. ಮೇಲೆ ಒಂದು ಬೆಳಕಿಂಡಿ. ಕಿಟಕಿ ಸಣ್ಣದು, ಅದಕ್ಕೆ ಗಾಜು ಇಲ್ಲ. ಈಗ ಸಿಮೆಂಟಿನ ಮನೆ ಬಂತು. ಗೋಡೆ ತೆಳ್ಳಗಾಯಿತು. ಕಿಟಕಿ ದೊಡ್ಡದಾಯಿತು. ಗಾಜು ಬಂತು.

ಈ ಗಾಜು ಆರಿಸುವವರು ಯಾರ್ರಿ? ಗೌಂಡಿ ಒಂದು ಹೇಳುತ್ತಾನೆ. ಅಂಗಡಿಯವನು ಇನ್ನೊಂದು ಹೇಳುತ್ತಾನೆ. ಮನೆಯ ಗಂಡಸರು "ಆಯ್ತು" ಅಂತಾರೆ. ಆದರೆ ಆ ಮನೆಯಲ್ಲಿ ಒಲೆ ಮುಂದೆ ಕೂಡುವವರು ಯಾರು? ಕೂಸು ಮಲಗಿಸುವವರು ಯಾರು? ನಾವೇ ಅಲ್ಲೇನ್ರಿ? ಸರ್ಕಾರದ ವಸತಿ ಯೋಜನೆಯ ಮನೆ ಹೆಚ್ಚಾಗಿ ಹೆಣ್ಣುಮಕ್ಕಳ ಹೆಸರಿಗೇ ಮಂಜೂರಾಗುತ್ತದೆ. ಮನೆ ನಮ್ಮ ಹೆಸರಿಗೆ ಇದ್ದ ಮೇಲೆ ಕಿಟಕಿಯ ಮಾತೂ ನಾವು ಆಡಬೇಕು.

ಮೊದಲು ಗಾಜಿನ ಗುಣ ತಿಳಿಯೋಣ. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ. ಒಳಗಿನ ಕಾವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಕಿಟಕಿ ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಬಸ್ಸು ಹತ್ತಿ ನೋಡಿದ್ದೀರಲ್ಲ? ಒಳಗೆ ಒಲೆ ಇದ್ದ ಹಾಗೆ. ಗೋಡೆ, ನೆಲ ಕೂಡ ಆ ಕಾವು ಹಿಡಿದು ಇಟ್ಟುಕೊಳ್ಳುತ್ತವೆ. ಮಸ್ಕಿಯ ಗುಡ್ಡದ ಬಂಡೆ ಹಗಲೆಲ್ಲ ಕಾಯುತ್ತದೆ, ರಾತ್ರಿಯೂ ಬಿಸಿ ಇರುತ್ತದೆ. ಮನೆಯೂ ಹಾಗೇ ಆದರೆ ನಿದ್ದೆ ಎಲ್ಲಿಂದ ಬರಬೇಕು?

ಅದಕ್ಕೇ ಗಾಜಿನ ಬೆಲೆ ಕೇಳುವ ಮೊದಲು ದಿಕ್ಕು ನೋಡಿರಿ. ಬೇಸಿಗೆ ಮಧ್ಯಾಹ್ನ ನಮ್ಮ ಕಡೆ ಸೂರ್ಯ ನೆತ್ತಿ ಮೇಲೆ ಇರುತ್ತಾನೆ. ಆಗ ಕಿಟಕಿಯಿಂದ ಬಿಸಿಲು ಹೆಚ್ಚು ಬರುವುದಿಲ್ಲ. ಬೆಳಿಗ್ಗೆ ಮೂಡಲಿಂದ, ಸಂಜೆ ಪಡುವಲಿಂದ ಓರೆಯಾಗಿ ಒಳಗೆ ನುಗ್ಗುತ್ತದೆ. ಪಡುವಲ ಬಿಸಿಲೇ ಹೆಚ್ಚು ಕಾಡುವುದು. ಆದ್ದರಿಂದ ದೊಡ್ಡ ಕಿಟಕಿ ತೆಂಕಲಿಗೆ, ಬಡಗಲಿಗೆ ಇರಲಿ. ಎರಡೂ ಎದುರುಬದುರು ಇದ್ದರೆ ಗಾಳಿ ಆಡುತ್ತದೆ. ಪಡುವಲಿಗೆ ಕಿಟಕಿ ಬೇಕೇ ಬೇಕಾದರೆ ಸಣ್ಣದಿರಲಿ. ಮೇಲೆ ಸಜ್ಜ ಇರಲಿ. ಹೊರಗೆ ತಟ್ಟಿ ಕಟ್ಟಿರಿ, ಇಲ್ಲವೇ ಬೇವಿನ ಗಿಡ ಹಚ್ಚಿರಿ. ಒಳಗಿನ ಪರದೆಗಿಂತ ಹೊರಗಿನ ನೆರಳು ಮೇಲು. ಪರದೆ ತನಕ ಬಂದ ಬಿಸಿಲು ಆಗಲೇ ಮನೆಯೊಳಗೆ ಬಂದಾಯಿತು, ಹೌದಲ್ರಿ?

ಈಗ ಗಾಜಿನ ಜಾತಿ ನೋಡೋಣ.

ಒಂದು, ಸಾದಾ ಗಾಜು. ಬೆಲೆ ಕಡಿಮೆ, ಬೆಳಕು ಹೆಚ್ಚು. ಕೂಡುವ ಕೋಣೆಗೆ, ಓದುವ ಜಾಗಕ್ಕೆ ಇದೇ ಸಾಕು.

ಎರಡು, ಮಂಜುಗಾಜು. ಬೆಳಕು ಬರುತ್ತದೆ, ಒಳಗಿನವರು ಸ್ಪಷ್ಟವಾಗಿ ಕಾಣುವುದಿಲ್ಲ. ಬಚ್ಚಲಿಗೆ, ಓಣಿಗೆ ಹತ್ತಿದ ಕೋಣೆಗೆ ಇದು ಒಳ್ಳೆಯದು.

ಮೂರು, ಬಣ್ಣದ ಗಾಜು. ಬಿಸಿಲು ಸ್ವಲ್ಪ ತಡೆಯುತ್ತದೆ, ನಿಜ. ಆದರೆ ತಾನೂ ಕಾಯುತ್ತದೆ. ಬೆಳಕೂ ಕಡಿಮೆ ಮಾಡುತ್ತದೆ. ಹಗಲಲ್ಲೇ ದೀಪ ಹಚ್ಚಬೇಕಾದೀತು.

ನಾಲ್ಕು, ಕನ್ನಡಿಯಂತೆ ಹೊಳೆಯುವ ಗಾಜು. ಹಗಲು ಹೊರಗಿನವರಿಗೆ ಒಳಗೆ ಕಾಣುವುದಿಲ್ಲ. ರಾತ್ರಿ ಒಳಗೆ ದೀಪ ಹಚ್ಚಿದರೆ ಕಾಣುತ್ತದೆ! ಇದನ್ನು ನಂಬಿ ಪರದೆ ಬಿಡಬೇಡಿರಿ.

ಐದು, ಕಾಯಿಸಿ ಗಟ್ಟಿ ಮಾಡಿದ ಗಾಜು. ಇದಕ್ಕೆ ಟಫನ್ಡ್ ಗಾಜು ಅಂತಾರೆ. ಒಡೆದರೆ ಚೂಪು ಚೂರು ಆಗುವುದಿಲ್ಲ, ಸಣ್ಣ ಹರಳಿನಂತೆ ಉದುರುತ್ತದೆ. ನೆಲದ ಹತ್ತಿರದ ಕಿಟಕಿಗೆ, ಮಕ್ಕಳು ಆಡುವ ಕಡೆಗೆ ಇದು ಒಳ್ಳೆಯದು. ಬೆಲೆ ಹೆಚ್ಚು. ತಯಾರಾದ ಮೇಲೆ ಇದನ್ನು ಕೊಯ್ಯಲು ಬರುವುದಿಲ್ಲ. ಮೊದಲೇ ಸರಿಯಾಗಿ ಅಳತೆ ಕೊಡಬೇಕು.

ಇನ್ನು ನಮ್ಮ ಎರೆ ನೆಲದ ಮಾತು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಪಾಯ ಗಟ್ಟಿ ಇಲ್ಲದಿದ್ದರೆ ಗೋಡೆ ಸೀಳುತ್ತದೆ, ಚೌಕಟ್ಟು ಸೊಟ್ಟಗಾಗುತ್ತದೆ. ಆಗ ಬಿಗಿಯಾಗಿ ಕೂಡಿಸಿದ ಗಾಜು ತಾನಾಗಿ ಬಿರುಕು ಬಿಡುತ್ತದೆ. ಗಾಜಿನ ಸುತ್ತ ಸ್ವಲ್ಪ ಸಡಿಲ ಬಿಟ್ಟು, ಲಪ್ಪ ಇಲ್ಲವೇ ರಬ್ಬರು ಕೂಡಿಸಲು ಬಡಿಗೇರಗೆ ಹೇಳಿರಿ.

ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂತು, ಭತ್ತದ ಗದ್ದೆ ಆಯಿತು. ನೀರು ನಿಂತಲ್ಲಿ ಸೊಳ್ಳೆ ಹುಟ್ಟುತ್ತವೆ. ಸೊಳ್ಳೆಗೆ ಅಂಜಿ ಗಾಜು ಮುಚ್ಚಿದರೆ ಸೆಕೆ. ತೆರೆದರೆ ಜ್ವರದ ಭಯ. ಇದಕ್ಕೆ ಉಪಾಯ ಸೊಳ್ಳೆ ಜಾಳಿಗೆ. ದುಬಾರಿ ಗಾಜು ಬಿಟ್ಟು ಸಾದಾ ಗಾಜು ಹಾಕಿರಿ. ಉಳಿದ ಹಣಕ್ಕೆ ಜಾಳಿಗೆ ಹಚ್ಚಿಸಿರಿ.

ಅಡುಗೆ ಮನೆಗೆ ತೆರೆಯಲು ಬಾರದ ಗಾಜು ಬೇಡವೇ ಬೇಡ. ಕಟ್ಟಿಗೆ ಒಲೆಯ ಹೊಗೆ ಕಣ್ಣಿಗೂ ಕೇಡು, ಎದೆಗೂ ಕೇಡು. ಅದು ಹೊರಗೆ ಹೋಗಬೇಕು. ಸರಿಸುವ ಕಿಟಕಿ ಚೆಂದ ಕಾಣುತ್ತದೆ, ಆದರೆ ಎರಡು ಬಾಗಿಲಿನದು ಅರ್ಧ ಮಾತ್ರ ತೆರೆಯುತ್ತದೆ. ಕದ ಬಿಚ್ಚುವ ಕಿಟಕಿ ಪೂರಾ ತೆರೆಯುತ್ತದೆ.

ಕೊನೆಗೆ ಲೆಕ್ಕ. ಗಾಜು ಚದರ ಅಡಿಯ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಗಾಜು 1 ಅಡಿ ಅಗಲ, 3 ಅಡಿ ಎತ್ತರ ಇದೆ ಅನ್ನಿರಿ. 1 ಗುಣಿಸು 3, ಅಂದರೆ 3 ಚದರ ಅಡಿ. ಒಂದು ಕಿಟಕಿಗೆ 2 ಗಾಜು, 6 ಚದರ ಅಡಿ. ಅಂಥ ಕಿಟಕಿ 4 ಇದ್ದರೆ 24 ಚದರ ಅಡಿ. ಚೀಟಿಯಲ್ಲಿ 30 ಅಂತ ಬರೆದಿದ್ದರೆ "ಯಾಕ್ರಿ?" ಅಂತ ಕೇಳಿರಿ.

ದಪ್ಪ ಮಿಲಿಮೀಟರಿನಲ್ಲಿ ಇರುತ್ತದೆ. ಇಷ್ಟು ಸಣ್ಣ ಗಾಜಿಗೆ 4 ಮಿಲಿಮೀಟರ್ ಸಾಕು. ಮಕ್ಕಳ ಶಾಲೆಯ ಸ್ಕೇಲು ತಗೊಂಡು ಹೋಗಿರಿ. ಅದರ ಸಣ್ಣ ಗೆರೆಯಿಂದ ಗೆರೆಗೆ 1 ಮಿಲಿಮೀಟರ್. ಗಾಜಿನ ಅಂಚಿಗೆ ಹಿಡಿದು ನೋಡಿರಿ. ಅಂಚು ಚೂಪು ಇರುತ್ತದೆ, ಕೈ ಜೋಪಾನ. 4ರ ಹಣ ಕೊಟ್ಟು 3ರ ಗಾಜು ತರಬಾರದು.

ನಿಮಗೆ ಈಗ ಓದಲು ಬರುತ್ತದೆ, ಲೆಕ್ಕ ಬರುತ್ತದೆ. ಇವತ್ತು ಮನೆಗೆ ಹೋಗಿ ಒಂದು ಕಿಟಕಿ ಅಳೆಯಿರಿ. ಅಗಲ, ಎತ್ತರ, ದಿಕ್ಕು ಪಾಟಿಯ ಮೇಲೆ ಬರೆಯಿರಿ. ನಾಳೆ ಕಲಿಕಾ ಕೇಂದ್ರಕ್ಕೆ ತನ್ನಿರಿ. ಎಲ್ಲರೂ ಕೂಡಿ ಲೆಕ್ಕ ಮಾಡೋಣ.