ಕೊಲ್ಲಿಗೆ ಹೋಗುವವನ ಕೂಲಿಯನ್ನು ಕಾಯುವವರಾರು?



ಹೈದರಾಬಾದ್ ನಗರದಿಂದ ಎರಡು ಬಗೆಯ ದುಡಿಮೆಗಾರರು ಹೊರದೇಶಗಳಿಗೆ ತೆರಳುತ್ತಾರೆ. ಹೈಟೆಕ್ ಸಿಟಿಯ ಎಂಜಿನಿಯರನು ಎಚ್-1ಬಿ ವೀಸಾ ಪಡೆದು ಅಮೆರಿಕೆಗೆ ಹೋಗುತ್ತಾನೆ. ನಿಜಾಮಾಬಾದ್, ಜಗಿತ್ಯಾಲ, ಸಿರಿಸಿಲ್ಲ ಜಿಲ್ಲೆಗಳ ರೈತನ ಮಗನು ಕಟ್ಟಡದ ಕೆಲಸಕ್ಕೆಂದು ಕೊಲ್ಲಿ ರಾಷ್ಟ್ರಗಳ ವಿಮಾನ ಏರುತ್ತಾನೆ.

ಮೊದಲನೆಯವನ ಸಂಬಳಕ್ಕೆ ಅಮೆರಿಕದ ಕಾನೂನೇ ಕಾವಲಾಗಿದೆ. ಆ ಪ್ರದೇಶದಲ್ಲಿ ಆ ಉದ್ಯೋಗಕ್ಕೆ ರೂಢಿಯಲ್ಲಿರುವ ವೇತನ, ಇಲ್ಲವೆ ಅದೇ ಸಂಸ್ಥೆಯು ಸಮಾನ ಅರ್ಹತೆಯ ನೌಕರರಿಗೆ ಕೊಡುವ ವೇತನ, ಇವೆರಡರಲ್ಲಿ ಹೆಚ್ಚಿನದನ್ನು ಮಾಲೀಕನು ಕೊಡಲೇಬೇಕು. ಈ ನಿಯಮ ಹುಟ್ಟಿದ್ದು ಸ್ಥಳೀಯರ ಕೂಲಿ ಕುಸಿಯದಿರಲೆಂದು. ಆದರೂ ಅದರ ನೆರಳು ಹೊರಗಿನಿಂದ ಬಂದವನಿಗೂ ದೊರೆಯುತ್ತದೆ.

ಎರಡನೆಯವನಿಗಿರುವ ಆಸರೆ ಭಾರತ ಸರ್ಕಾರವೇ ನಿಗದಿಪಡಿಸುವ ಕನಿಷ್ಠ ಶಿಫಾರಸು ವೇತನ. ಹತ್ತನೆಯ ತರಗತಿ ದಾಟದ ಕಾರ್ಮಿಕರು ಕೊಲ್ಲಿಗೆ ಹೋಗಲು 1983ರ ವಲಸೆ ಕಾಯ್ದೆಯಂತೆ ಸಾಮಾನ್ಯವಾಗಿ ಸರ್ಕಾರದ ಅನುಮತಿ ಬೇಕು. ಕರಾರಿನಲ್ಲಿರುವ ಸಂಬಳ ಈ ಮಿತಿಗಿಂತ ಕೆಳಗಿಳಿಯಬಾರದು.

2020ರ ಸೆಪ್ಟೆಂಬರ್‌ನಲ್ಲಿ ಈ ಮಿತಿಯನ್ನೇ ಇಳಿಸಲಾಯಿತು. ಯುಎಇ, ಕತಾರ್, ಬಹರೈನ್, ಒಮಾನ್‌ಗಳಿಗೆ ತಿಂಗಳಿಗೆ 200 ಡಾಲರ್, ಕುವೈತ್‌ಗೆ 245, ಸೌದಿ ಅರೇಬಿಯಕ್ಕೆ 324. ಕೋವಿಡ್‌ನ ಸಂಕಟದಲ್ಲಿ ಭಾರತೀಯರ ಕೆಲಸಗಳು ಉಳಿಯಲಿ ಎಂಬುದು ಅದರ ಸಮರ್ಥನೆಯಾಗಿತ್ತು. ಈ ಮಾತನ್ನು ಹಗುರವಾಗಿ ತಳ್ಳಿಹಾಕಬೇಕಿಲ್ಲ. ಹಸಿದವನಿಗೆ ಅರ್ಧ ರೊಟ್ಟಿಯೂ ರೊಟ್ಟಿಯೇ. ಆದರೆ ಲೆಕ್ಕ ಬೇರೆಯದನ್ನೇ ಹೇಳುತ್ತದೆ. 200 ಡಾಲರ್ ಎಂದರೆ 728 ಕತಾರಿ ರಿಯಾಲ್. 2021ರ ಮಾರ್ಚ್‌ನಿಂದ ಕತಾರ್ ದೇಶವು ಯಾವ ರಾಷ್ಟ್ರದ ಕಾರ್ಮಿಕನಿಗೇ ಆಗಲಿ 1,000 ರಿಯಾಲ್ ಮೂಲ ವೇತನವನ್ನು ಕಡ್ಡಾಯಗೊಳಿಸಿತು. ಮಾಲೀಕನು ಊಟ, ವಸತಿ ಒದಗಿಸದಿದ್ದರೆ ಅದರ ಮೇಲೆ 800 ರಿಯಾಲ್ ಕೊಡಬೇಕು. ಕೂಲಿ ಪಡೆಯುವ ದೇಶ ಕಟ್ಟಿದ ಬೆಲೆಗಿಂತ ಕಳುಹಿಸುವ ದೇಶ ಕಟ್ಟಿದ ಬೆಲೆಯೇ ಕಡಿಮೆಯಾಯಿತು!

ಕೊರತೆ ತಿಂಗಳ ಸಂಬಳಕ್ಕಷ್ಟೇ ನಿಲ್ಲದು. ಕೊಲ್ಲಿಯಲ್ಲಿ ಸೇವಾಂತ್ಯದ ಗ್ರಾಚ್ಯುಟಿ ಲೆಕ್ಕವಾಗುವುದು ವೇತನದ ಆಧಾರದ ಮೇಲೆಯೇ. ಕರಾರಿನ ಅಂಕಿ ಕುಗ್ಗಿದರೆ, ವರ್ಷಗಳ ದುಡಿಮೆಯ ಬಳಿಕ ಮನೆಗೆ ತರುವ ಗಂಟೂ ಕುಗ್ಗುತ್ತದೆ. ಹೊರಡುವಾಗ ಮಾಡಿದ ಸಾಲ ಮಾತ್ರ ಕುಗ್ಗುವುದಿಲ್ಲ.

ಹೈದರಾಬಾದಿನಲ್ಲಿರುವ ತೆಲಂಗಾಣ ಹೈಕೋರ್ಟಿನಲ್ಲಿ ವಲಸಿಗರ ಪರವಾಗಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಯಿತು. 2021ರ ಜುಲೈ ವೇಳೆಗೆ ಕೇಂದ್ರ ಸರ್ಕಾರವು ಆ ಸುತ್ತೋಲೆಗಳನ್ನು ಹಿಂತೆಗೆದುಕೊಂಡು ಹಳೆಯ ದರಗಳಿಗೆ ಮರಳಿತು. ಗೆಲುವು ದೊರೆಯಿತು, ಅದನ್ನು ಕಾಯ್ದುಕೊಳ್ಳುವ ಹೊಣೆ ಮುಗಿದಿಲ್ಲ.

ದುಬೈ, ದೋಹಾ, ಮಸ್ಕತ್‌ಗಳಲ್ಲಿ ನೆಲೆಸಿ ವ್ಯಾಪಾರವನ್ನೋ ಅಧಿಕಾರದ ಹುದ್ದೆಯನ್ನೋ ನಿರ್ವಹಿಸುತ್ತಿರುವ ಕನ್ನಡ ಕುಟುಂಬಗಳು ಈ ಹೊಣೆಯಲ್ಲಿ ಪಾಲುದಾರರು. ಕಾರು ಓಡಿಸುವವನ, ಕಟ್ಟಡ ಕಾಯುವವನ ಕರಾರಿನಲ್ಲಿ ಯಾವ ಅಂಕಿಯಿದೆ, ಕೈಗೆ ಬರುವುದು ಎಷ್ಟು ಎಂದು ಒಮ್ಮೆ ವಿಚಾರಿಸಲಿ. ತಮ್ಮ ಮಕ್ಕಳ ಸಂಬಳಕ್ಕೆ ಕಾನೂನಿನ ಕಾವಲು ಬಯಸುವವರು ಅದೇ ಕಾವಲನ್ನು ಬಡವನ ಮಗನಿಗೂ ಬಯಸುವುದು ದಯೆಯಲ್ಲ, ನ್ಯಾಯ.