ಆರನೆಯ ಹಲ್ಲು
(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ವೈದ್ಯರಲ್ಲ. ಈ ಸೊಲ್ಲಾಪುರದಲ್ಲಿ ನೂಲಿನ ಗಿರಣಿಯ ಹಾಜರಿ ಪುಸ್ತಕ ಬರೆಯುವ ಗುಮಾಸ್ತರು. ಓದು ಮೆಟ್ರಿಕ್ಕಿಗೇ ನಿಂತಿತು. ಆದರೂ ಹಳ್ಳಿಯ ಶಾಲೆಯ ಮಕ್ಕಳ ಹಲ್ಲಿನ ವಿಷಯವಾಗಿ ನಾಲ್ಕು ಮಾತು ಆಡಲು ನಿಂತಿದ್ದೇವೆ. ಏಕೆಂದರೆ ಈ ವಿಷಯದಲ್ಲಿ ನಮ್ಮ ಮನೆಯಲ್ಲಿಯೇ ತಪ್ಪು ನಡೆಯಿತು. ಅದರಲ್ಲಿ ನಮ್ಮ ಪಾಲೂ ಇದೆ.

ಇಂಡಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಅಣ್ಣನ ಮಗನಿದ್ದಾನೆ. ಏಳು ವರ್ಷದವನಿದ್ದಾಗ ದವಡೆ ನೋವೆಂದು ಅಳುತ್ತಿದ್ದ. ಬಾಯಿ ತೆರೆಸಿ ನೋಡಿದರೆ ಹಿಂದಿನ ಹಲ್ಲಿನಲ್ಲಿ ಕರಿಯ ಕುಳಿ. "ಹಾಲಹಲ್ಲ ಐತಿ, ಬಿದ್ದು ಹೊಸಾದು ಬರತೈತಿ ಬಿಡ್ರಿ" ಎಂದರು ಅತ್ತಿಗೆ. ನಾವೂ ಹೌದೆಂದೆವು. ಲವಂಗ ಇಟ್ಟು, ಪೆಪ್ಪರಮಿಂಟು ಕೊಟ್ಟು ಸುಮ್ಮನಾಗಿಸಿದೆವು. ಒಂಬತ್ತನೆಯ ವರ್ಷಕ್ಕೆ ಗಲ್ಲ ಊದಿತು, ಹದಿನೈದು ದಿನ ಶಾಲೆ ತಪ್ಪಿತು. ವಿಜಯಪುರಕ್ಕೆ ಕರೆದೊಯ್ದಾಗ ದಂತವೈದ್ಯರು ಹಲ್ಲನ್ನು ಕೀಳಲೇಬೇಕಾಯಿತು. "ಇದು ಹಾಲುಹಲ್ಲಲ್ಲ, ಮುಪ್ಪಿನ ತನಕ ಇರಬೇಕಾದ ಹಲ್ಲು. ಇಲ್ಲಿ ಇನ್ನೊಂದು ಹುಟ್ಟುವುದಿಲ್ಲ" ಎಂದರು. ಅಣ್ಣ ಮಾತಾಡಲಿಲ್ಲ. ನಾವೂ ತಲೆ ತಗ್ಗಿಸಿದೆವು.

ಅಂದು ತಿಳಿದದ್ದನ್ನು ತಮ್ಮ ಮುಂದಿಡುತ್ತೇವೆ. ಮಗುವಿಗೆ ಹಾಲುಹಲ್ಲು ಒಟ್ಟು 20. ಮೇಲೆ ಹತ್ತು, ಕೆಳಗೆ ಹತ್ತು. ನಡುವಿನಿಂದ ಒಂದೊಂದು ಬದಿಗೆ ಐದೈದು. ಸುಮಾರು 6ನೆಯ ವರ್ಷದಲ್ಲಿ ಆ ಐದರ ಹಿಂದೆ ಆರನೆಯದೊಂದು ಹುಟ್ಟುತ್ತದೆ. ಹೀಗೆ ನಾಲ್ಕು ಮೂಲೆಗೆ ನಾಲ್ಕು. ಇವು ಯಾವ ಹಾಲುಹಲ್ಲೂ ಬೀಳದೆಯೇ ಬರುವುದರಿಂದ ಮನೆಯವರಿಗೆ ಗೊತ್ತಾಗುವುದಿಲ್ಲ. ಇವನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಅಗಿಯುವ ಭಾರವನ್ನು ಮುಂದೆ ಬಹುಪಾಲು ಹೊರುವವು ಇವೇ. ಹಾಗೆಂದು ಹಾಲುಹಲ್ಲನ್ನೂ ಕಡೆಗಣಿಸಬಾರದು. ಅದು ಕೆಳಗಿನಿಂದ ಬರುವ ಹಲ್ಲಿಗೆ ಜಾಗ ಕಾಯುತ್ತದೆ.

ಈ ಹಿಂದಿನ ಹಲ್ಲಿನ ಮೇಲೆ ಆಳವಾದ ಗೀರುಗಳಿರುತ್ತವೆ. ತಿಂದದ್ದು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬಾಯೊಳಗಿನ ಸೂಕ್ಷ್ಮಜೀವಿಗಳು ಸಿಹಿಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆಮ್ಲ ಹಲ್ಲನ್ನು ಕರಗಿಸುತ್ತದೆ. ನಾವು "ಹುಳುಕು" ಎನ್ನುವುದು ಇದನ್ನೇ. ಒಳಗೆ ಹುಳುವೇನೂ ಇರುವುದಿಲ್ಲ. ಸಿಹಿ ಎಷ್ಟು ತಿಂದರೆಂಬುದಷ್ಟೇ ಅಲ್ಲ, ದಿನಕ್ಕೆ ಎಷ್ಟು ಸಲ ತಿಂದರೆಂಬುದೂ ಲೆಕ್ಕಕ್ಕೆ ಬರುತ್ತದೆ. ದಿನವಿಡೀ ಪೆಪ್ಪರಮಿಂಟು ಚೀಪುವುದು ಊಟದ ಜೊತೆಗಿನ ಹೋಳಿಗೆಗಿಂತ ಹೆಚ್ಚು ಕೇಡು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಹಲ್ಲಿಗೆ ರಾತ್ರಿಯೇ ಅಪಾಯದ ಹೊತ್ತು. ನಮ್ಮ ಹಳ್ಳಿಯ ಮಕ್ಕಳಾದರೋ ಮುಂಜಾನೆ ಮಾತ್ರ ಹಲ್ಲು ತಿಕ್ಕುತ್ತಾರೆ.

ತಿಕ್ಕುವುದಾದರೂ ಯಾತರಿಂದ? ಇದ್ದಲು, ಇಟ್ಟಿಗೆಯ ಪುಡಿ ಹಲ್ಲನ್ನು ಸವೆಸುತ್ತವೆ. ಬೇವಿನ ಕಡ್ಡಿಯನ್ನು ನಾವು ಹಳಿಯುವುದಿಲ್ಲ; ಆದರೆ ಮಗುವಿನ ಕೈಯಲ್ಲಿ ಅದು ಆರನೆಯ ಹಲ್ಲಿನವರೆಗೆ ಮುಟ್ಟುವುದು ಕಷ್ಟ. ಎಲ್ಲಕ್ಕಿಂತ ಕೆಟ್ಟದ್ದು ಮಿಶ್ರಿ. ಅದು ಸುಟ್ಟ ತಂಬಾಕು. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಸರಕಾರ 1992ರಲ್ಲಿಯೇ ನಿಷೇಧಿಸಿತು. ಆದರೆ ಮನೆಯ ಹಂಚಿನ ಮೇಲೆ ಹುರಿದದ್ದನ್ನು ಯಾರು ತಡೆಯಬೇಕು? ಅಜ್ಜಿಯ ಬೆರಳು ನೋಡಿಯೇ ಮಗು ಕಲಿಯುತ್ತದೆ.

ಮಾಡಬೇಕಾದದ್ದು ದೊಡ್ಡದೇನಲ್ಲ. ಮುಂಜಾನೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ, ಫ್ಲೋರೈಡ್ ಇರುವ ಪೇಸ್ಟಿನಿಂದ ಮೆದುವಾದ ಬ್ರಶ್ಶಿನಲ್ಲಿ ತಿಕ್ಕಬೇಕು. ಸಣ್ಣ ಮಕ್ಕಳಿಗೆ ಬಟಾಣಿ ಕಾಳಿನಷ್ಟು ಪೇಸ್ಟು ಸಾಕು, ನುಂಗದೆ ಉಗುಳಲಿ. ಏಳೆಂಟು ವರ್ಷದವರೆಗೆ ದೊಡ್ಡವರೊಬ್ಬರು ಕೈ ಹಚ್ಚಲಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರಕಾರಿ ಶಾಲೆಯ ಮಕ್ಕಳ ಹಲ್ಲನ್ನೂ ಪರೀಕ್ಷಿಸುತ್ತಾರೆ. ಅಂದು ಮಗುವಿಗೆ ಶಾಲೆ ತಪ್ಪಿಸಬೇಡಿರಿ. ಆಸ್ಪತ್ರೆಗೆ ಚೀಟಿ ಕೊಟ್ಟರೆ ಗೂಟಕ್ಕೆ ಸಿಕ್ಕಿಸಿ ಮರೆಯಬೇಡಿರಿ. ಕುಳಿ ಚಿಕ್ಕದಿದ್ದಾಗ ತುಂಬಿಸಿದರೆ ಹಲ್ಲು ಉಳಿಯುತ್ತದೆ.

ಬಂಧುಗಳೇ, ದುಡಿಮೆಗಾಗಿ ಊರು ಬಿಟ್ಟವರು ನಾವು. ಜಾತ್ರೆಗೆ ಹೋಗುವಾಗ ಬರಿಗೈಯಲ್ಲಿ ಹೋಗಲು ಮನಸ್ಸಾಗದು. ಅದಕ್ಕೇ ಚೀಲದ ತುಂಬ ಪೆಪ್ಪರಮಿಂಟು, ಬಿಸ್ಕಿಟು. ಈ ಸಲ ಮನೆಯ ಮಕ್ಕಳಿಗೆ ತಲಾ ಒಂದು ಬ್ರಶ್ಶನ್ನೂ ಒಯ್ಯಿರಿ. ಮಗುವನ್ನು ಬಿಸಿಲಿಗೆ ಕೂಡಿಸಿ, ಬಾಯಿ ತೆರೆಸಿ, ನಡುವಿನಿಂದ ಹಿಂದಕ್ಕೆ ಎಣಿಸಿರಿ. ಆರನೆಯದು ಬಂದಿದ್ದರೆ ಅದರ ತಾಯಿಗೂ ಅಜ್ಜಿಗೂ ತೋರಿಸಿ ಹೇಳಿರಿ: ಇದು ಬೀಳುವ ಹಲ್ಲಲ್ಲ.

ನಮಗೆ ಇದನ್ನು ಎರಡು ವರ್ಷ ಮುಂಚೆ ಯಾರಾದರೂ ಹೇಳಿದ್ದರೆ ನಮ್ಮ ಹುಡುಗ ಇಂದು ಒಂದೇ ಬದಿಯಿಂದ ರೊಟ್ಟಿ ಅಗಿಯುತ್ತಿರಲಿಲ್ಲ.