ಮಿತ್ರರ ಬೆಂಬಲದ ಬೆಲೆ

(ಮೂಡಲಪಾಳ್ಯದಲ್ಲಿ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)

ಯುದ್ಧವನ್ನು ಗೆಲ್ಲುವುದು ಸೇನಾಪತಿಯ ಶೌರ್ಯವೆಂದು ಶಾಲೆಯ ಪಾಠದಲ್ಲಿ ಹೇಳಿಕೊಡುತ್ತಾರೆ. ನಮ್ಮ ನೆಲದಲ್ಲೇ ನಡೆದ ಒಂದು ಯುದ್ಧದ ಲೆಕ್ಕ ತೆಗೆದು ನೋಡೋಣ.

1791ರ ಮಾರ್ಚಿಯಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆಯನ್ನು ಹಿಡಿದನು. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹೊರಗೆ ಟಿಪ್ಪುವಿನ ದಂಡನ್ನು ಹಿಮ್ಮೆಟ್ಟಿಸಿದನು. ಗೆದ್ದವನಿಗೆ ಪಟ್ಟಣ ಸಿಕ್ಕಿತೇ? ಇಲ್ಲ. ಮಳೆ ಹಿಡಿಯಿತು, ಎತ್ತುಗಳು ಸತ್ತವು, ಪಾಳೆಯದಲ್ಲಿ ಕಾಳು ತೀರಿತು. ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದನು. ದಾರಿಯಲ್ಲಿ ಎದುರಾದದ್ದು ಹರಿಪಂತ ಫಡಕೆ, ಪರಶುರಾಮಭಾವು ಪಟವರ್ಧನರ ಮರಾಠಾ ದಂಡು; ಅದರ ಜೊತೆಗೆ ದವಸ ತುಂಬಿದ ಬಜಾರು. ದರ ದುಬಾರಿಯೇ. ಆದರೂ ಕಂಪನಿಯ ಸೈನ್ಯವನ್ನು ಉಳಿಸಿದ್ದು ಆ ಬಜಾರು. 1792ರಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟು, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು.

ಟಿಪ್ಪು ನೆಚ್ಚಿದ್ದು ದೂರದ ಫ್ರೆಂಚರನ್ನು. 1798ರಲ್ಲಿ ಅವರ ಕಡೆಯಿಂದ ಮಂಗಳೂರಿಗೆ ಬಂದಿಳಿದವರು ನೂರರಷ್ಟು ಜನ. ಮರುವರ್ಷ ಪಟ್ಟಣ ಬಿತ್ತು.

ಕಂಪನಿಗೆ ನೆರವಾದವರಿಗೆ ಏನು ದಕ್ಕಿತು? ಮೊದಲು ಪಾಲು ಸಿಕ್ಕಿತು, ನಿಜ. ಆದರೆ 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯೂ ಸೇರಿ ಮೈಸೂರಿನಿಂದ ಪಡೆದ ನಾಡನ್ನು ಕಂಪನಿಯ ದಂಡಿನ ಖರ್ಚಿಗೆಂದು ಕಂಪನಿಗೇ ಬಿಟ್ಟುಕೊಟ್ಟನು. 1818ರಲ್ಲಿ ಪೇಶ್ವೆಯ ಗಾದಿಯೇ ಹೋಯಿತು. ನೆರೆಯವನನ್ನು ಕೆಡವಲು ಬಲಶಾಲಿಗೆ ಕೈಕೊಟ್ಟವರ ಸರದಿ ಆಮೇಲೆ ಬಂತು.

ಬಂಧುಗಳೇ, ಮುಷ್ಕರವೂ ಒಂದು ಯುದ್ಧವೇ. ಅದು ಮುರಿಯುವುದು ಗಿರಣಿಯ ಬಾಗಿಲಲ್ಲಿ ಅಲ್ಲ, ಮನೆಯ ಅಕ್ಕಿ ಡಬ್ಬಿಯಲ್ಲಿ. ಆಗ ಸಾಲಕ್ಕೆ ಅಕ್ಕಿ, ಬೇಳೆ ಕೊಡುವ ಅಂಗಡಿಯವನೇ ಕಾರ್ಮಿಕನ ಮಿತ್ರಸೈನ್ಯ. ವರ್ತಕರಲ್ಲಿ ನನ್ನ ವಿನಂತಿ: ಕೂಲಿ ಇಳಿದರೆ ನಿಮ್ಮ ಗಲ್ಲಾಪೆಟ್ಟಿಗೆಯೂ ಬರಿದು, ಮಾಲೀಕನ ಪಕ್ಷ ಹಿಡಿದು ನಿಜಾಮನ ದಾರಿ ತುಳಿಯಬೇಡಿ. ಕಾರ್ಮಿಕರಲ್ಲಿಯೂ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ: ಗೆದ್ದ ಮೇಲೆ ಕಂಪನಿಯಂತೆ ನಡೆಯಬೇಡಿ. ಮೊದಲ ಸಂಬಳದಲ್ಲಿ ಅಂಗಡಿಯ ಬಾಕಿ ತೀರಲಿ. ವರ್ತಕನಿಗೆ ಕಷ್ಟ ಬಂದ ದಿನ ನಿಮ್ಮ ಸಂಘ ಅವನ ಬಾಗಿಲಲ್ಲಿ ನಿಲ್ಲಲಿ.

ಕಾಳು ತೀರಿದ ಮೇಲೆ ಮಿತ್ರನನ್ನು ಹುಡುಕಿದರೆ ಅವನು ಹೇಳಿದ್ದೇ ದರ. ಕೂಲಿಗಾರರೂ ವರ್ತಕರೂ ಸೇರಿದ ಸಮಿತಿಯನ್ನು ಈಗಲೇ, ಈ ಸಭೆಯಲ್ಲೇ ಕಟ್ಟೋಣ.